ಥೈರಾಯ್ಡ್ ಕಥೆ: ಕುರಿಯ ಕತ್ತಿನಿಂದ ನಮ್ಮ ಉಪ್ಪಿನ ಡಬ್ಬಿವರೆಗೆ

ಭಾಗ 1: "ಥೈರಾಯ್ಡ್ ಅಷ್ಟೇ"

ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು. ಬೆಳಗ್ಗೆ ಎದ್ದು, ಕಾಫಿಗೂ ಮುಂಚೆ, ಖಾಲಿ ಹೊಟ್ಟೇಲಿ ಒಂದು ಚಿಕ್ಕ ಬಿಳಿ ಮಾತ್ರೆ ನುಂಗೋರು. ಅಮ್ಮ, ಅತ್ತೆ, ಅಕ್ಕ, ಇಲ್ಲಾ ನೀವೇ. ಕೇಳಿದ್ರೆ "ಏನಿಲ್ಲ, ಥೈರಾಯ್ಡ್ ಅಷ್ಟೇ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ.

ಆ "ಅಷ್ಟೇ" ಅನ್ನೋ ಮಾತಿನ ಹಿಂದೆ ಇನ್ನೂರು ವರ್ಷದ ಹುಡುಕಾಟ ಇದೆ. 1890ಕ್ಕೂ ಮೊದಲಾಗಿದ್ದರೆ ಅದೇ ಕಾಯಿಲೆ ಅವರನ್ನ ನಿಧಾನವಾಗಿ ಮಂಕು ಮಾಡಿ, ಊದಿಸಿ, ಕೊನೆಗೆ ಕೊಂದೇ ಬಿಡ್ತಿತ್ತು. ಔಷಧಿ ಅನ್ನೋದೇ ಇರಲಿಲ್ಲ.

ಥೈರಾಯ್ಡ್ ಅಂದ್ರೆ ರೋಗದ ಹೆಸರಲ್ಲ, ಅದು ಎಲ್ಲರಿಗೂ ಇರೋ ಒಂದು ಗ್ರಂಥಿ. ಕತ್ತಿನ ಮುಂಭಾಗದಲ್ಲಿ, ಗಂಟಲ ಗಂಟಿನ ಕೆಳಗೆ, ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಇರುತ್ತೆ. 1656ರಲ್ಲಿ ಇಂಗ್ಲೆಂಡಿನ ಥಾಮಸ್ ವಾರ್ಟನ್ ಇದಕ್ಕೆ ಗುರಾಣಿ ಅನ್ನೋ ಅರ್ಥದ ಗ್ರೀಕ್ ಪದದಿಂದ ಹೆಸರಿಟ್ಟ. ಇದರ ಕೆಲಸ ಏನು ಅಂತ ಕೇಳಿದ್ರೆ ಆತ ಕೊಟ್ಟ ಕಾರಣಗಳಲ್ಲಿ ಒಂದು: ಹೆಂಗಸರ ಕತ್ತಿಗೆ ದುಂಡನೆಯ ಅಂದ ಕೊಡೋದು!

ನಗಬೇಡಿ. ಅದಾದ ಮೇಲೆ ಇನ್ನೂ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಸರಿಯಾದ ಉತ್ತರ ಗೊತ್ತಿರಲಿಲ್ಲ.

ಭಾಗ 2: ನೇರಳೆ ಹೊಗೆ

ಗ್ರಂಥಿಯ ಕೆಲಸ ಗೊತ್ತಿಲ್ಲದಿದ್ದರೂ ಅದು ಊದಿಕೊಳ್ಳೋದು ಮಾತ್ರ ಎಲ್ಲರಿಗೂ ಕಾಣ್ತಿತ್ತು. ನಮ್ಮಲ್ಲಿ ಅದಕ್ಕೆ ಗಳಗಂಡ ಅಂತಾರೆ. ಸುಶ್ರುತ ಸಂಹಿತೆಯಲ್ಲೇ ಇದರ ವರ್ಣನೆ ಇದೆ. ಆಲ್ಪ್ಸ್ ಬೆಟ್ಟಗಳ ಊರುಗಳಲ್ಲಿ, ಹಿಮಾಲಯದ ಕಣಿವೆಗಳಲ್ಲಿ ಕತ್ತು ಊದಿರೋದೇ ಮಾಮೂಲು ಅನ್ನೋ ಹಾಗಿತ್ತು.

ಚೀನಾದ ವೈದ್ಯರು ಕಡಲ ಪಾಚಿ ಕೊಡ್ತಿದ್ರು. ಯುರೋಪಿನವರು ಕಡಲ ಸ್ಪಂಜನ್ನ ಸುಟ್ಟು ಬೂದಿ ಕೊಡ್ತಿದ್ರು. ಎಷ್ಟೋ ಜನಕ್ಕೆ ಗುಣ ಆಗ್ತಿತ್ತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ.

1811ರಲ್ಲಿ ಫ್ರಾನ್ಸಿನಲ್ಲಿ ನೆಪೋಲಿಯನ್ನನ ಯುದ್ಧ ನಡೀತಿದೆ. ಮದ್ದಿನಪುಡಿಗೆ ಪೆಟ್ಲುಪ್ಪು ಬೇಕು. ಅದನ್ನ ತಯಾರಿಸ್ತಿದ್ದ ಬರ್ನಾರ್ಡ್ ಕೂರ್ತ್ವಾ ಕಡಲ ಪಾಚಿಯ ಬೂದಿಗೆ ಆಮ್ಲ ಸ್ವಲ್ಪ ಜಾಸ್ತಿ ಸುರಿದ. ಪಾತ್ರೆಯಿಂದ ನೇರಳೆ ಬಣ್ಣದ ಹೊಗೆ ಎದ್ದು, ತಣ್ಣಗಿನ ಜಾಗದಲ್ಲಿ ಹೊಳೆಯೋ ಕಪ್ಪು ಹರಳುಗಳಾಗಿ ಕೂತಿತು. ಅದೇ ಅಯೋಡಿನ್. ಹೆಸರಿನ ಅರ್ಥವೇ ನೇರಳೆ.

ಜಿನೀವಾದ ವೈದ್ಯ ಜಾನ್ ಫ್ರಾನ್ಸ್ವಾ ಕ್ವಾಂದೆ ಇಲ್ಲಿ ಎರಡೂ ಎಳೆಗಳನ್ನ ಸೇರಿಸಿದ. ಸುಟ್ಟ ಸ್ಪಂಜಿನಲ್ಲಿ ಕೆಲಸ ಮಾಡೋದು ಅಯೋಡಿನ್ನೇ ಇರಬೇಕು ಅಂತ 1820ರಲ್ಲಿ ಗಳಗಂಡದ ರೋಗಿಗಳಿಗೆ ನೇರವಾಗಿ ಅದನ್ನೇ ಕೊಟ್ಟ. ಊತ ಇಳಿಯಿತು. ಊರೆಲ್ಲ ಸುದ್ದಿ.

ಆದ್ರೆ ಆಗಿದ್ದೇನು ಅಂದ್ರೆ, ಅಳತೆ ಇಲ್ಲದೆ ಕುಡಿಯೋರು ಹೆಚ್ಚಾದರು. ಕೆಲವರಿಗೆ ಎದೆ ಡವಡವ, ಕೈ ನಡುಕ, ಮೈಯೆಲ್ಲ ಇಳಿದುಹೋಗೋದು ಶುರುವಾಯ್ತು. ಔಷಧಿಗೆ ಕೆಟ್ಟ ಹೆಸರು ಬಂತು. 1850ರ ದಶಕದಲ್ಲಿ ಅಡಾಲ್ಫ್ ಶಾತಾಂ ಅನ್ನೋ ಫ್ರೆಂಚ್ ವಿಜ್ಞಾನಿ ಊರೂರಿನ ನೀರು ಪರೀಕ್ಷಿಸಿ "ಗಳಗಂಡ ಇರೋ ಕಡೆ ಅಯೋಡಿನ್ ಕಮ್ಮಿ" ಅಂತ ಹೇಳಿದಾಗ ಪ್ಯಾರಿಸ್ಸಿನ ಪಂಡಿತರು ಒಪ್ಪಲಿಲ್ಲ.

ಉತ್ತರ ಕೈಲಿತ್ತು. ಕೈಯಿಂದ ಜಾರಿತು. ಅದರ ಬೆಲೆ ತೆತ್ತವರು ಮುಂದಿನ ಭಾಗದಲ್ಲಿ ಬರ್ತಾರೆ.

ಭಾಗ 3: ಒಂದು ಫೋಟೋ

ಸ್ವಿಟ್ಜರ್ಲೆಂಡಿನ ಬರ್ನ್ ನಗರ. ಗಳಗಂಡದ ನಾಡು ಅದು. ಅಲ್ಲಿನ ಶಸ್ತ್ರವೈದ್ಯ ಥಿಯೋಡರ್ ಕೋಖರ್ ಕೈ ಅಂದ್ರೆ ಕೈ! ಆ ಕಾಲದಲ್ಲಿ ಥೈರಾಯ್ಡ್ ಆಪರೇಷನ್ ಅಂದ್ರೆ ರಕ್ತದ ಮಡು, ಎಷ್ಟೋ ವೈದ್ಯರು ಅದನ್ನ ಮುಟ್ಟೋಕೇ ಹೆದರ್ತಿದ್ರು. ಕೋಖರ್ ಒಂದೊಂದೇ ರಕ್ತನಾಳ ಕಟ್ಟಿ, ನಿಧಾನವಾಗಿ, ಶುಚಿಯಾಗಿ ಇಡೀ ಗ್ರಂಥಿಯನ್ನೇ ತೆಗೆಯೋರು. ರೋಗಿಗಳು ಬದುಕಿ ಮನೆಗೆ ಹೋಗ್ತಿದ್ರು.

1874ರಲ್ಲಿ 11 ವರ್ಷದ ಒಬ್ಬ ಹುಡುಗಿಗೆ ಆಪರೇಷನ್ ಆಯ್ತು. ಗಾಯ ಚೆನ್ನಾಗಿ ವಾಸಿಯಾಯ್ತು. ಆಮೇಲೆ ಅವಳ ಊರಿನ ವೈದ್ಯ, ಹುಡುಗಿ ಮೊದಲಿನ ಹಾಗಿಲ್ಲ, ಮಂಕಾಗಿದ್ದಾಳೆ ಅಂತ ತಿಳಿಸಿದ. ಆ ಮಾತಿಗೆ ಆಗ ತೂಕ ಸಿಗಲಿಲ್ಲ.

1882ರಲ್ಲಿ ಜಿನೀವಾದ ಶಸ್ತ್ರವೈದ್ಯ ಝಾಕ್ ಲೂಯಿ ರೆವರ್ದಾಂ "ಪೂರ್ತಿ ಗ್ರಂಥಿ ತೆಗೆದ ನನ್ನ ರೋಗಿಗಳು ವಿಚಿತ್ರವಾಗಿ ಬದಲಾಗ್ತಿದ್ದಾರೆ" ಅನ್ನೋ ಅರ್ಥದ ಮಾತಾಡಿದಾಗ ಕೋಖರ್‌ಗೆ ಚುರುಕು ಮುಟ್ಟಿತು. ತಮ್ಮ ಹಳೇ ರೋಗಿಗಳನ್ನೆಲ್ಲ ವಾಪಸ್ ಕರೆಸಿದರು. ಪೂರ್ತಿ ಗ್ರಂಥಿ ತೆಗೆಸಿಕೊಂಡು ಬಂದ 18 ಜನರಲ್ಲಿ 16 ಜನ ಕುಗ್ಗಿಹೋಗಿದ್ದರು. ಮುಖ ಊದಿದೆ, ಚರ್ಮ ಒರಟಾಗಿದೆ, ಮಾತು ನಿಧಾನ, ಯಾವಾಗಲೂ ಚಳಿ.

ಆ ಹುಡುಗಿಯೂ ಅವರಲ್ಲಿ ಒಬ್ಬಳು. ಅವಳದೊಂದು ಫೋಟೋ ಇದೆ. ಪಕ್ಕದಲ್ಲಿ ತಂಗಿ ನಿಂತಿದ್ದಾಳೆ. ತಂಗಿ ಬೆಳೆದು ದೊಡ್ಡವಳಾಗಿದ್ದಾಳೆ. ಅಕ್ಕ ಆಪರೇಷನ್ ಆದ ವಯಸ್ಸಿನ ಎತ್ತರದಲ್ಲೇ ಹೆಚ್ಚುಕಮ್ಮಿ ನಿಂತುಹೋಗಿದ್ದಾಳೆ.

ಕೋಖರ್ ಇದನ್ನ ಮುಚ್ಚಿಡಲಿಲ್ಲ. 1883ರಲ್ಲಿ ವೈದ್ಯರ ಸಭೆಯಲ್ಲಿ ತಮ್ಮ ಕೈಯಿಂದಾದ ಈ ಹಾನಿಯನ್ನ ಅಂಕಿಅಂಶ ಸಮೇತ ಮುಂದಿಟ್ಟರು. ಪೂರ್ತಿ ಗ್ರಂಥಿ ತೆಗೆಯೋದನ್ನ ನಿಲ್ಲಿಸಿ, ಒಂದು ಭಾಗ ಉಳಿಸೋಕೆ ಶುರುಮಾಡಿದರು. 1909ರಲ್ಲಿ ಅವರಿಗೆ ನೊಬೆಲ್ ಬಂತು. ಶಸ್ತ್ರವೈದ್ಯರೊಬ್ಬರಿಗೆ ಸಿಕ್ಕ ಮೊದಲ ನೊಬೆಲ್ ಅದು.

ಥೈರಾಯ್ಡ್ ಏನು ಮಾಡುತ್ತೆ ಅಂತ ಜಗತ್ತಿಗೆ ಗೊತ್ತಾಗಿದ್ದು ಹೀಗೆ. ಅದನ್ನ ಕಳೆದುಕೊಂಡವರ ಮೈಮೇಲೆ.

ಭಾಗ 4: ಲಂಡನ್ನಿನ ಹೆಂಗಸರು, ಕುರಿಯ ಗ್ರಂಥಿ

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಂದು ಒಗಟು. ಯಾವ ಆಪರೇಷನ್ನೂ ಆಗದ ಮಧ್ಯವಯಸ್ಸಿನ ಹೆಂಗಸರು ಹೀಗೇ ಊದಿ, ಮಂಕಾಗಿ ಬರ್ತಿದ್ರು. 1873ರಲ್ಲಿ ವಿಲಿಯಂ ಗಲ್ ಇದನ್ನ ಮೊದಲು ಬರೆದಿಟ್ಟ. ನಾಲ್ಕೈದು ವರ್ಷದ ನಂತರ ವಿಲಿಯಂ ಆರ್ಡ್ ಇದಕ್ಕೆ ಮಿಕ್ಸಿಡೀಮಾ ಅಂತ ಹೆಸರಿಟ್ಟ.

ಯೋಚನೆ ಮಾಡಿ. "ಸೋಮಾರಿ ಆಗಿದ್ದಾಳೆ, ತಿಂದು ದಪ್ಪ ಆಗಿದ್ದಾಳೆ, ಯಾವಾಗಲೂ ನಿದ್ದೆ, ಏನು ಹೇಳಿದ್ರೂ ಮರೀತಾಳೆ" ಅಂತ ಮನೆಯವರು ಬೈತಾ ಇದ್ದ ಹೆಂಗಸರು ಎಷ್ಟಿರಬಹುದು? ಕೆಲವರಿಗೆ ಭ್ರಮೆ, ಅನುಮಾನ ಶುರುವಾಗಿ ಹುಚ್ಚಾಸ್ಪತ್ರೆ ಸೇರಿದ್ದೂ ಉಂಟು.

ಲಂಡನ್ನಿನ ಕ್ಲಿನಿಕಲ್ ಸೊಸೈಟಿ ಒಂದು ಸಮಿತಿ ಮಾಡಿತು. ಐದು ವರ್ಷ ಕೂತು, ನೂರಕ್ಕೂ ಹೆಚ್ಚು ರೋಗಿಗಳ ವಿವರ ಸೇರಿಸಿ 1888ರಲ್ಲಿ ವರದಿ ಕೊಟ್ಟರು. ಈ ಹೆಂಗಸರ ಕಾಯಿಲೆ, ಕೋಖರ್ ರೋಗಿಗಳ ಸ್ಥಿತಿ, ಬೆಟ್ಟದ ಊರುಗಳಲ್ಲಿ ಬುದ್ಧಿ ಮತ್ತು ಬೆಳವಣಿಗೆ ಕುಂಠಿತವಾಗಿ ಹುಟ್ಟುವ ಮಕ್ಕಳ ಸ್ಥಿತಿ, ಮೂರಕ್ಕೂ ಮೂಲ ಒಂದೇ: ಥೈರಾಯ್ಡ್ ಕೆಲಸ ನಿಂತಿರೋದು.

ಹಾಗಾದ್ರೆ ಇಲ್ಲದ್ದನ್ನ ಹೊರಗಿಂದ ಕೊಡಬಹುದಲ್ವಾ?

1890ರಲ್ಲಿ ಪೋರ್ಚುಗಲ್ಲಿನ ಇಬ್ಬರು ವೈದ್ಯರು ಕುರಿಯ ಅರ್ಧ ಥೈರಾಯ್ಡನ್ನ ಒಬ್ಬ ಹೆಂಗಸಿನ ಚರ್ಮದಡಿ ಕಸಿ ಮಾಡಿದರು. ಮಾರನೇ ದಿನದಿಂದಲೇ ಚೇತರಿಕೆ! ಕಸಿ ಮಾಡಿದ ತುಂಡು ರಕ್ತನಾಳ ಕೂಡಿಸಿಕೊಳ್ಳೋಕೆ ಅಷ್ಟು ಬೇಗ ಆಗಲ್ಲ. ಅಂದ್ರೆ ಅದರ ರಸವೇ ಕೆಲಸ ಮಾಡಿದೆ.

ನ್ಯೂಕ್ಯಾಸಲ್ಲಿನ ಯುವ ವೈದ್ಯ ಜಾರ್ಜ್ ಮರ್ರೆ ಇದನ್ನ ಹಿಡ್ಕೊಂಡ. 1891ರಲ್ಲಿ ಕುರಿಯ ಥೈರಾಯ್ಡಿನ ಸಾರ ತೆಗೆದು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ತಿಂಗಳುಗಳಲ್ಲಿ ಊತ ಇಳಿಯಿತು, ಮಾತು ಚುರುಕಾಯ್ತು, ಬೀದಿಯಲ್ಲಿ ಓಡಾಡೋಕೆ ಶುರುಮಾಡಿದಳು. ಮಾರನೇ ವರ್ಷವೇ ಚುಚ್ಚೋದು ಬೇಕಿಲ್ಲ, ಬಾಯಿಂದ ತಿಂದರೂ ಸಾಕು ಅಂತ ಗೊತ್ತಾಯ್ತು. ಎಡ್ವರ್ಡ್ ಫಾಕ್ಸ್ ಅನ್ನೋ ವೈದ್ಯ ಕುರಿಯ ಥೈರಾಯ್ಡನ್ನ ಸ್ವಲ್ಪ ಹುರಿದು, ಹಣ್ಣಿನ ಜೆಲ್ಲಿ ಜೊತೆ ತಿನ್ನಿ ಅಂತ ಬರೆದುಕೊಡ್ತಿದ್ದ!

ಮರ್ರೆಯ ಆ ಮೊದಲ ರೋಗಿ 28 ವರ್ಷ ಹೆಚ್ಚಿಗೆ ಬದುಕಿದಳು. 74ನೇ ವಯಸ್ಸಿನಲ್ಲಿ ತೀರಿಕೊಂಡಾಗ ಲೆಕ್ಕ ಹಾಕಿದ್ರೆ, ಅವಳ ಔಷಧಿಗೆ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಬಳಕೆಯಾಗಿತ್ತು.

ಒಂದು ಜೀವ. ಒಂದು ದೊಡ್ಡ ಕುರಿಮಂದೆ.

ಭಾಗ 5: ಕುರಿಯಿಂದ ಮಾತ್ರೆಗೆ

1890ರ ದಶಕದ ಮಧ್ಯದಲ್ಲಿ ಜರ್ಮನಿಯ ಓಯ್ಗನ್ ಬೌಮನ್ ಥೈರಾಯ್ಡ್ ಗ್ರಂಥಿಯೊಳಗೆ ಅಯೋಡಿನ್ ಇರೋದನ್ನ ಕಂಡುಹಿಡಿದ. ನೇರಳೆ ಹೊಗೆಯ ಹಳೇ ಎಳೆ ಮತ್ತೆ ಸಿಕ್ತು.

1914ರ ಡಿಸೆಂಬರ್ 25, ಕ್ರಿಸ್‌ಮಸ್ ದಿನ. ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಎಡ್ವರ್ಡ್ ಕೆಂಡಲ್ ಆ ಹಾರ್ಮೋನನ್ನ ಶುದ್ಧ ಹರಳಾಗಿ ಬೇರ್ಪಡಿಸಿದ. ಅದೇ ಥೈರಾಕ್ಸಿನ್. ಸುಮಾರು 3 ಟನ್ ಪ್ರಾಣಿ ಗ್ರಂಥಿಗಳಿಂದ ಆತನಿಗೆ ಸಿಕ್ಕಿದ್ದು 33 ಗ್ರಾಂ! ಅದರ ರಚನೆಯನ್ನ ಬಿಡಿಸಿ, ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದ್ದು ಬ್ರಿಟನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್, 1926-27ರಲ್ಲಿ. ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣು. ರಿಪೋರ್ಟಿನಲ್ಲಿ ಟಿ4 ಅಂತ ಬರೆದಿರ್ತಾರಲ್ಲ, ಆ 4 ಇದೇ. ಒಂದು ಅಯೋಡಿನ್ ಕಮ್ಮಿ ಇರೋ ಟಿ3ಯನ್ನ 1952ರಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಲಿಂಡ್ ಪಿಟ್ ರಿವರ್ಸ್ ಗುರುತಿಸಿದರು.

ಇವತ್ತಿನ ಲೆವೊಥೈರಾಕ್ಸಿನ್ ಮಾತ್ರೆಯನ್ನ ಮೈಕ್ರೋಗ್ರಾಂ ಲೆಕ್ಕದಲ್ಲಿ ಅಳೀತಾರೆ, ಅಂದ್ರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಅದಕ್ಕೇ ಡೋಸ್‌ನಲ್ಲಿ 25, 50 ಅಂತ ಸಣ್ಣ ವ್ಯತ್ಯಾಸವೂ ಮುಖ್ಯ. ಪಕ್ಕದ ಮನೆಯವರ ಡೋಸ್ ನಿಮ್ಮ ಡೋಸ್ ಅಲ್ಲ.

ಭಾಗ 6: ಇನ್ನೊಂದು ತುದಿ

ಥೈರಾಯ್ಡ್ ಕಮ್ಮಿ ಕೆಲಸ ಮಾಡೋದು ಒಂದು ಕಡೆ. ಜಾಸ್ತಿ ಮಾಡಿದ್ರೆ? ಎದೆ ಓಡುತ್ತೆ, ಬೆವರು, ಕೈ ನಡುಕ, ಎಷ್ಟು ತಿಂದರೂ ತೂಕ ಇಳಿಯುತ್ತೆ, ಕೆಲವರಿಗೆ ಕಣ್ಣುಗುಡ್ಡೆ ಮುಂದೆ ಬರುತ್ತೆ. ಡಬ್ಲಿನ್ನಿನ ರಾಬರ್ಟ್ ಗ್ರೇವ್ಸ್ 1835ರಲ್ಲಿ, ಜರ್ಮನಿಯ ಬಾಸೆಡೋ 1840ರಲ್ಲಿ ಇದನ್ನ ವಿವರಿಸಿದರು. ತುಂಬಾ ಕಾಲ ಇದನ್ನ ಹೃದಯದ ಕಾಯಿಲೆ, ನರದ ಕಾಯಿಲೆ ಅಂತಲೇ ತಿಳಿದಿದ್ದರು.

1936ರ ನವೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ಒಂದು ಉಪನ್ಯಾಸ. ಎಂಐಟಿಯ ಅಧ್ಯಕ್ಷ ಕಾರ್ಲ್ ಕಾಂಪ್ಟನ್, ಭೌತಶಾಸ್ತ್ರ ವೈದ್ಯರಿಗೆ ಏನು ಮಾಡಬಲ್ಲದು ಅಂತ ಮಾತಾಡ್ತಿದ್ದರು. ಕೇಳ್ತಾ ಕೂತಿದ್ದ ಥೈರಾಯ್ಡ್ ವೈದ್ಯ ಸಾಲ್ ಹರ್ಟ್ಜ್ ಕೇಳಿದ ಪ್ರಶ್ನೆ ಸರಳ: ಅಯೋಡಿನ್ನನ್ನ ವಿಕಿರಣಶೀಲ ಮಾಡಬಹುದಾ?

ಪ್ರಶ್ನೆಯ ಜಾಣತನ ನೋಡಿ. ಥೈರಾಯ್ಡ್ ಅಯೋಡಿನ್ನನ್ನ ಹುಡುಕಿ ಹೀರಿಕೊಳ್ಳುತ್ತೆ. ವಿಕಿರಣವನ್ನ ಅಯೋಡಿನ್ ಮೇಲೆ ಕೂರಿಸಿ ಕಳಿಸಿದ್ರೆ ಅದು ತಾನಾಗೇ ಸರಿಯಾದ ವಿಳಾಸಕ್ಕೆ ಹೋಗುತ್ತೆ! ಭೌತವಿಜ್ಞಾನಿ ಆರ್ಥರ್ ರಾಬರ್ಟ್ಸ್ ಜೊತೆ ಮೊದಲು ಮೊಲಗಳ ಮೇಲೆ ಪ್ರಯೋಗ ಆಯ್ತು. 1941ರ ಮಾರ್ಚ್ 31ರಂದು ಮೊದಲ ರೋಗಿಗೆ ಕೊಟ್ಟರು. ಇವತ್ತು ಗ್ರೇವ್ಸ್ ಕಾಯಿಲೆಗೂ ಥೈರಾಯ್ಡ್ ಕ್ಯಾನ್ಸರ್‌ನ ಹಲವು ಬಗೆಗಳಿಗೂ ಕೊಡೋ ರೇಡಿಯೋ ಅಯೋಡಿನ್ ಚಿಕಿತ್ಸೆ ಹುಟ್ಟಿದ್ದು ಆ ಒಂದು ಪ್ರಶ್ನೆಯಿಂದ.

ಭಾಗ 7: ಮೇಸ್ತ್ರಿ ಕೂಗು ಅಳೆಯೋದು

ಈಗ ನಿಮ್ಮ ಲ್ಯಾಬ್ ರಿಪೋರ್ಟ್ ತೆಗೀರಿ. ಟಿಎಸ್‌ಎಚ್ ಜಾಸ್ತಿ ಇದೆ, ಆದ್ರೆ ಡಾಕ್ಟರು "ಥೈರಾಯ್ಡ್ ಕಮ್ಮಿ" ಅಂತಾರೆ. ತಲೆ ಕೆಡುತ್ತೆ, ಅಲ್ವಾ?

ಹೀಗೆ ತಿಳ್ಕೊಳ್ಳಿ. ಥೈರಾಯ್ಡ್ ಕೆಲಸದಾಳು. ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ ಮೇಸ್ತ್ರಿ. ಟಿಎಸ್‌ಎಚ್ ಅಂದ್ರೆ ಮೇಸ್ತ್ರಿಯ ಕೂಗು. ಆಳು ನಿಧಾನ ಆದ್ರೆ ಮೇಸ್ತ್ರಿ ಜೋರಾಗಿ ಕೂಗ್ತಾನೆ, ಟಿಎಸ್‌ಎಚ್ ಏರುತ್ತೆ. ಆಳು ಬೇಕಾದ್ದಕ್ಕಿಂತ ಜಾಸ್ತಿ ಮಾಡಿದ್ರೆ ಮೇಸ್ತ್ರಿ ಸುಮ್ಮನಾಗ್ತಾನೆ, ಟಿಎಸ್‌ಎಚ್ ಇಳಿಯುತ್ತೆ.

ಈ ಕೂಗನ್ನ ಅಳೆಯೋದು ಮೊದಲು ಸಾಧ್ಯವೇ ಇರಲಿಲ್ಲ. ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ರೋಗಿಯನ್ನ ಉಪವಾಸ ಮಲಗಿಸಿ, ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯಲ್ಲಿ ಉಸಿರಾಡಿಸಿ ಎಷ್ಟು ಆಮ್ಲಜನಕ ಖರ್ಚಾಯ್ತು ಅಂತ ನೋಡ್ತಿದ್ರು. ಹೆದರಿಕೆಯಿಂದ ಉಸಿರು ಜೋರಾದ್ರೂ ಲೆಕ್ಕ ತಪ್ಪು. ಹಿಮ್ಮಡಿ ಹಿಂದೆ ಸುತ್ತಿಗೆಯಿಂದ ತಟ್ಟಿ ಕಾಲು ಎಷ್ಟು ನಿಧಾನವಾಗಿ ವಾಪಸ್ ಬರುತ್ತೆ ಅಂತಲೂ ನೋಡ್ತಿದ್ರು.

1959ರಲ್ಲಿ ನ್ಯೂಯಾರ್ಕಿನ ರೊಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರಕ್ತದಲ್ಲಿರೋ ಅತಿ ಸೂಕ್ಷ್ಮ ಪ್ರಮಾಣದ ಇನ್ಸುಲಿನ್ ಅಳೆಯೋ ವಿಧಾನ ಪ್ರಕಟಿಸಿದರು. ಅದರ ಪೇಟೆಂಟ್ ತಗೊಳ್ಳಲಿಲ್ಲ. 1960ರ ದಶಕದಲ್ಲೇ ಅದೇ ವಿಧಾನದಿಂದ ಟಿಎಸ್‌ಎಚ್ ಅಳೆಯೋದು ಸಾಧ್ಯವಾಯ್ತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು. 1977ರಲ್ಲಿ ಯಾಲೋ ನೊಬೆಲ್ ಪಡೆದರು.

ಇನ್ನು ಆಳು ಯಾಕೆ ನಿಧಾನ ಆದ? ಜಪಾನಿನ ಹಕಾರು ಹಾಶಿಮೊಟೊ 1912ರಲ್ಲಿ ನಾಲ್ಕು ಹೆಂಗಸರ ಥೈರಾಯ್ಡನ್ನ ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗೆಲ್ಲ ರಕ್ಷಣಾ ಕಣಗಳು ತುಂಬಿರೋದನ್ನ ವರದಿ ಮಾಡಿದ. ಆಮೇಲೆ ಊರಿಗೆ ಹೋಗಿ ಸಾಮಾನ್ಯ ವೈದ್ಯನಾಗಿ ಬದುಕಿ 1934ರಲ್ಲಿ ಟೈಫಾಯ್ಡ್‌ನಿಂದ ತೀರಿಕೊಂಡ. 1956ರಲ್ಲಿ ಲಂಡನ್ನಿನ ವಿಜ್ಞಾನಿಗಳು, ನಮ್ಮ ದೇಹದ ಕಾವಲು ಪಡೆಯೇ ಥೈರಾಯ್ಡ್ ಮೇಲೆ ತಿರುಗಿಬೀಳೋದು ಇದಕ್ಕೆ ಕಾರಣ ಅಂತ ತೋರಿಸಿದರು. ಅಯೋಡಿನ್ ಸಾಕಷ್ಟು ಸಿಗೋ ಕಡೆ ಥೈರಾಯ್ಡ್ ಕಮ್ಮಿಯಾಗೋಕೆ ಇವತ್ತು ಮುಖ್ಯ ಕಾರಣ ಹಾಶಿಮೊಟೊ ಕಾಯಿಲೆ. ಅದರ ಹೆಸರು ಜಗತ್ತಿಗೆಲ್ಲ ಗೊತ್ತು, ಆತನಿಗೆ ಮಾತ್ರ ಗೊತ್ತಾಗಲೇ ಇಲ್ಲ.

ಭಾಗ 8: ಕಾಂಗ್ರಾದ ಉಪ್ಪು

ಈ ಭಾಗ ನಮ್ಮ ದೇಶದ್ದು.

ಇಪ್ಪತ್ತನೇ ಶತಮಾನದ ಆರಂಭದಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನೋ ಬ್ರಿಟಿಷ್ ಸೇನಾ ವೈದ್ಯ ಗಿಲ್ಗಿಟ್ಟಿನಲ್ಲಿದ್ದ. ಒಂದೇ ಕಾಲುವೆ ನೀರು ಕುಡಿಯೋ ಹಳ್ಳಿಗಳಲ್ಲಿ ಕೆಳಕೆಳಗಿನ ಹಳ್ಳಿಗೆ ಹೋದ ಹಾಗೆ ಗಳಗಂಡ ಹೆಚ್ಚೋದನ್ನ ಕಂಡ. ನೀರಿನ ಕೊಳೆಯೇ ಕಾರಣ ಅಂತ ಆ ಗಸಿಯನ್ನ ತಾನೇ ಕುಡಿದು ಪರೀಕ್ಷಿಸಿದ! ಮುಂದೆ ಇದೇ ಮನುಷ್ಯ ನೀಲಗಿರಿಯ ಕೂನೂರಿನಲ್ಲಿ ಪೌಷ್ಟಿಕತೆಯ ಪ್ರಯೋಗಾಲಯ ನಡೆಸಿದ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮೂಲ ಅದೇ.

ಕೊಳೆ ಅಲ್ಲ, ಕೊರತೆ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಬಂದಿದ್ದು ಅಮೆರಿಕದ ಆಕ್ರನ್ ಊರಿಂದ. 1917ರಿಂದ ಡೇವಿಡ್ ಮರೀನ್ ಮತ್ತು ಕಿಂಬಲ್ ಶಾಲಾ ಹುಡುಗಿಯರಿಗೆ ಅಯೋಡಿನ್ ಲವಣ ಕೊಟ್ಟರು. ತೆಗೆದುಕೊಂಡ 2190 ಮಕ್ಕಳಲ್ಲಿ ಗಳಗಂಡ ಬಂದಿದ್ದು 5 ಜನಕ್ಕೆ. ತೆಗೆದುಕೊಳ್ಳದ 2305 ಮಕ್ಕಳಲ್ಲಿ 495 ಜನಕ್ಕೆ. 1922ರಲ್ಲಿ ಸ್ವಿಟ್ಜರ್ಲೆಂಡ್, 1924ರಲ್ಲಿ ಅಮೆರಿಕದ ಮಿಷಿಗನ್ ಉಪ್ಪಿಗೆ ಅಯೋಡಿನ್ ಬೆರೆಸೋಕೆ ಶುರುಮಾಡಿದವು.

1956ರಲ್ಲಿ ಆಂಧ್ರದ ಶ್ರೀಕಾಕುಳಂ ಮೂಲದ ವೈದ್ಯ ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಗೆ ಹೋದರು. ಅಲ್ಲಿ ಹತ್ತಿರ ಹತ್ತಿರ ನೂರಕ್ಕೆ ನಲವತ್ತು ಮಂದಿಗೆ ಗಳಗಂಡ. ಸುಮಾರು ಒಂದು ಲಕ್ಷ ಜನರ ಪ್ರದೇಶವನ್ನ ಮೂರು ವಲಯ ಮಾಡಿದರು. ಎರಡು ವಲಯಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ನಡುವಿನ ಒಂದಕ್ಕೆ ಸಾದಾ ಉಪ್ಪು. ಐದಾರು ವರ್ಷದಲ್ಲಿ ಅಯೋಡಿನ್ ಸಿಕ್ಕ ಕಡೆ ಗಳಗಂಡ ಅರ್ಧಕ್ಕೂ ಇಳಿಯಿತು. ಸಾದಾ ಉಪ್ಪಿನ ಕಡೆ ಇದ್ದಹಾಗೇ ಇತ್ತು. ಆಮೇಲೆ ಆ ವಲಯಕ್ಕೂ ಅಯೋಡಿನ್ ಉಪ್ಪು ಕೊಟ್ಟರು, ಅಲ್ಲೂ ಇಳಿಯಿತು.

1962ರಲ್ಲಿ ಭಾರತ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುಮಾಡಿತು. ಇದು ಬರೀ ಹಿಮಾಲಯದ ಸಮಸ್ಯೆ ಅಂತ ಮೊದಲು ಅಂದ್ಕೊಂಡಿದ್ರು. ಅಲ್ಲ. ಮಳೆ ಹೊಯ್ದು ಹೊಯ್ದು ಮಣ್ಣಿನ ಅಯೋಡಿನ್ ತೊಳೆದು ಹೋಗೋ ಕಡೆಯೆಲ್ಲ ಈ ಕೊರತೆ ಬರಬಹುದು. ನಮ್ಮ ಕೊಡಗು, ಚಿಕ್ಕಮಗಳೂರಿನಲ್ಲೂ ಗಳಗಂಡ ಕಂಡಿದೆ.

ಭಾಗ 9: ನಿಮ್ಮ ಅಡುಗೆಮನೆ

ಅಯೋಡಿನ್ ಬೆರೆಸದ ಉಪ್ಪನ್ನ ಊಟಕ್ಕೆ ಮಾರೋದರ ಮೇಲಿನ ನಿಷೇಧ 1998ರಲ್ಲಿ ಬಂತು, 2000ದಲ್ಲಿ ಹೋಯ್ತು, 2006ರಲ್ಲಿ ಮತ್ತೆ ಬಂತು. ನಮ್ಮ ಮನೆ ಉಪ್ಪಿನ ಪ್ಯಾಕೆಟ್ ಮೇಲಿನ ಆ ನಗುವ ಸೂರ್ಯನ ಗುರುತು ಇಷ್ಟು ದೂರ ನಡೆದು ಬಂದಿದೆ.

ಈಗ ಹೊಸ ಫ್ಯಾಷನ್ ಬಂದಿದೆ. ಗುಲಾಬಿ ಉಪ್ಪು, ಸೈಂಧವ ಉಪ್ಪು, "ನ್ಯಾಚುರಲ್" ಉಪ್ಪು. ರುಚಿಗೆ ತಿನ್ನಿ, ಬೇಡ ಅನ್ನಲ್ಲ. ಆದ್ರೆ ಅದರಲ್ಲಿ ಅಯೋಡಿನ್ ಸಾಕಷ್ಟು ಇರಲ್ಲ. ಸಮುದ್ರದ ಸಾದಾ ಉಪ್ಪಿನಲ್ಲೂ ಇರಲ್ಲ. ಕಲ್ಲುಪ್ಪು ತರೋರು ಪ್ಯಾಕೆಟ್ ಮೇಲೆ ಅಯೋಡಿನ್ ಸೇರಿಸಿದೆ ಅಂತ ಬರೆದಿದೆಯಾ ನೋಡಿ. ಮನೆಯಲ್ಲಿ ಬಸುರಿ ಇದ್ದರಂತೂ ಖಂಡಿತ ನೋಡಿ. ಹೊಟ್ಟೆಯಲ್ಲಿರೋ ಮಗುವಿನ ಮೆದುಳು ಬೆಳೆಯೋಕೆ ತಾಯಿಯ ಥೈರಾಯ್ಡೇ ಆಧಾರ. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಬರೀ 150 ಮೈಕ್ರೋಗ್ರಾಂ. ಇಡೀ ಜೀವಮಾನದ್ದು ಸೇರಿಸಿದ್ರೂ ಒಂದು ಚಮಚ ತುಂಬಲ್ಲ.

ಇನ್ನು ಮಾತ್ರೆ ತಗೊಳ್ಳೋರಿಗೆ. ಹುಷಾರಾದೆ ಅಂತ ನೀವೇ ನಿಲ್ಲಿಸಬೇಡಿ, ಹುಷಾರಾಗಿರೋದು ಮಾತ್ರೆಯಿಂದ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಇದನ್ನ ಹೀರೋಕೆ ಬಿಡಲ್ಲ, ನಾಲ್ಕು ಗಂಟೆ ಅಂತರ ಇರಲಿ. ಡೋಸ್ ಬದಲಾದ ಮೇಲೆ ಆರು ವಾರ ಕಾದು ರಕ್ತಪರೀಕ್ಷೆ ಮಾಡಿಸಿ, ಅದಕ್ಕೂ ಮುಂಚೆ ಟಿಎಸ್‌ಎಚ್ ನಿಜ ಹೇಳಲ್ಲ. ಹಾಶಿಮೊಟೊ ಇದ್ದರೆ ಜಾಸ್ತಿ ಅಯೋಡಿನ್ ತಿಂದು ಗುಣ ಆಗಲ್ಲ. ಗರ್ಭಿಣಿ ಅಂತ ಗೊತ್ತಾದ ಕೂಡಲೇ ಡಾಕ್ಟರನ್ನ ಕಾಣಿ, ಡೋಸ್ ಸಾಮಾನ್ಯವಾಗಿ ಹೆಚ್ಚಿಸಬೇಕಾಗುತ್ತೆ.

ಕೊನೆಯ ಮಾತು ಮಗು ನಿರೀಕ್ಷೆಯಲ್ಲಿರೋರಿಗೆ. 1970ರ ದಶಕದ ಶುರುವಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಜಾನ್ ದ್ಯೂಸೋ ಒಂದು ದಾರಿ ಕಂಡುಕೊಂಡ. ನವಜಾತ ಶಿಶುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ, ಥೈರಾಯ್ಡ್ ನೋಡೋದು. ಥೈರಾಯ್ಡ್ ಇಲ್ಲದೆ ಹುಟ್ಟಿದ ಮಗು ಮೊದಲ ದಿನಗಳಲ್ಲಿ ಬೇರೆ ಮಕ್ಕಳ ಹಾಗೇ ಕಾಣುತ್ತೆ. ಲಕ್ಷಣ ಕಾಣೋ ಹೊತ್ತಿಗೆ ಮೆದುಳಿಗೆ ಆದ ನಷ್ಟ ವಾಪಸ್ ಬರಲ್ಲ. ಮೊದಲ ಎರಡು ವಾರದಲ್ಲೇ ಮಾತ್ರೆ ಶುರುವಾದರೆ ಆ ಮಗು ಬೇರೆ ಮಕ್ಕಳ ಹಾಗೇ ಓದಿ, ಓಡಿ, ಬೆಳೆಯುತ್ತೆ.

ಹೆರಿಗೆ ಆಸ್ಪತ್ರೆಯಿಂದ ಮನೆಗೆ ಹೊರಡೋ ಮುಂಚೆ ಒಂದು ಮಾತು ಕೇಳಿ: "ಮಗುವಿಗೆ ಥೈರಾಯ್ಡ್ ಪರೀಕ್ಷೆ ಆಯ್ತಾ?" ಕೇಳೋಕೆ ಅರ್ಧ ನಿಮಿಷ. ಬೇಕಾದವರಿಗೆ ಕಳಿಸಿ, ಸೇವ್ ಮಾಡಿಟ್ಕೊಳ್ಳಿ.

#ಥೈರಾಯ್ಡ್ #ಕನ್ನಡದಲ್ಲಿಇತಿಹಾಸ #ವೈದ್ಯಕೀಯಇತಿಹಾಸ #ಅಯೋಡಿನ್ #ಗಳಗಂಡ